ಮೆಲುಕು ಹಾಕುವ ಮೊಲ

ನನ್ನನ್ನು ಹೊಗಳುವವರು ತಪ್ಪದೆ ಒಂದು ಮಾತು ಹೇಳುತ್ತಾರೆ: ಬಹಳ ಸಮಾಧಾನದ ಹೆಂಗಸು. ಬೀಳಗಿಯ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತಳಾದ ದಿನ ಶಾಲು ಹೊದಿಸಿ ಅದನ್ನೇ ಹೇಳಿದರು. ಜಮಖಂಡಿಯ ನಮ್ಮ ಓಣಿಯಲ್ಲಿ ಈಗಲೂ ಅದನ್ನೇ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಸಂತೋಷವಾಗುವ ಬದಲು ದಣಿವಾಗುತ್ತದೆ. ನಾನು ಬೆಳೆದ ಮನೆಯಲ್ಲಿ ಈ ಮಾತನ್ನು ನನ್ನ ಅವ್ವನಿಗೆ ಹೇಳುತ್ತಿದ್ದರು, ಆಮೇಲೆ ಒಂದು ಮೊಲಕ್ಕೆ ಹೇಳಿದರು. ಎರಡೂ ಕಡೆ ಅದು ತಪ್ಪಾಗಿತ್ತು. ಆ ತಪ್ಪಿನ ಕತೆಯನ್ನು ಬರೆಯದೆ ನನ್ನ ಬಗ್ಗೆ ಬೇರೇನು ಬರೆದರೂ ಅರ್ಧವೇ ಆಗುತ್ತದೆ.

ಆ ಮನೆ ಬನಹಟ್ಟಿಯಲ್ಲಿತ್ತು. ಬಾಗಿಲು ದಾಟಿದರೆ ಪಡಸಾಲೆ. ಅಲ್ಲಿ ಮನುಷ್ಯರು ಕೂಡಬೇಕಾದ ಜಾಗವನ್ನೆಲ್ಲ ಅಪ್ಪನ ಎರಡು ಪಾವರ್‌ಲೂಮುಗಳು ಹಿಡಿದುಕೊಂಡಿದ್ದವು. ಅದರ ಹಿಂದೆ ನಡುಮನೆ. ಗೋಡೆಗೆ ಹೊಂದಿಕೊಂಡು ಅವ್ವ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುವ ರಾಟಿ, ಮೂಲೆಯಲ್ಲಿ ಆಯಿಯ ಕರಿ ಕಂಬಳಿ, ಮೇಲೆ ಗೋಡೆಯ ಮಾಡಿನಲ್ಲಿ ಬೀರೇಶ್ವರನ ಭಂಡಾರದ, ಅಂದರೆ ಅರಿಸಿನ ಪುಡಿಯ, ಬಟ್ಟಲು. ಆಯಿ ಎಂದರೆ ಅಪ್ಪನ ತಾಯಿ. ನಡುಮನೆಯ ಆಚೆ ಅಡುಗೆಮನೆ, ಅದರಾಚೆ ಬಚ್ಚಲು, ಹಿತ್ತಲು. ಬೆಳಗಾದರೆ ಮಗ್ಗ ಶುರುವಾಗುತ್ತಿದ್ದವು. ಲಾಳಿ ಈ ಕಡೆಯಿಂದ ಆ ಕಡೆಗೆ ಬಡಿಯುವ ಸದ್ದು ನೆಲದೊಳಗಿಂದ ಅಂಗಾಲಿಗೆ ಏರುತ್ತಿತ್ತು. ಉಣ್ಣುವಾಗ ತಾಟಿನಲ್ಲಿದ್ದ ಸಾರು ಕೂಡ ಸಣ್ಣಗೆ ನಡುಗುತ್ತಿತ್ತು. ಅಂಥ ಮನೆಯಲ್ಲಿ ಮಾತನ್ನು ಯಾರೂ ಕೇಳುವುದಿಲ್ಲ, ನೋಡುತ್ತಾರೆ. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತುಟಿ ಆಡಿಸಿದರೆ ಅಪ್ಪ ಮಗ್ಗದ ಆ ತುದಿಯಿಂದ ತಲೆ ಆಡಿಸುತ್ತಿದ್ದ. ಬೈಗುಳ ಕೂಡ ಸದ್ದಿಲ್ಲದೆ ಬರುತ್ತಿದ್ದವು, ಆದರೂ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತಿದ್ದವು. ಮಂದಿಯ ಮನೆಗೆ ಹೋದಾಗ ಮಾತ್ರ ನಾನು ಗಂಟಲು ಹರಿಯುವ ಹಾಗೆ ಮಾತಾಡಿ ನಗೆಪಾಟಲಾಗುತ್ತಿದ್ದೆ.

ಆಯಿ ಮಗ್ಗದವಳಲ್ಲ, ಕುರಿಯವಳು. ಮದುವೆಯಾಗಿ ಬಂದಾಗಿನಿಂದ ಹಿಂಡಿನ ಹಿಂದೆ ಗಲಗಲಿಯ ಹೊಳೆದಂಡೆಯವರೆಗೂ ನಡೆದವಳು. ಅಜ್ಜ ತೀರಿಕೊಂಡ ಮೇಲೆ, ಕುರಿ ಕಾಯಲಾರೆ ಎಂದು ಅಪ್ಪ ಮಗ್ಗದ ಕೆಲಸ ಕಲಿತ. ಕುರಿ ಮಾರಿದರು. ಕಂಬಳಿಯೊಂದು ಉಳಿಯಿತು, ಆಯಿಯ ತಿಳಿವಳಿಕೆ ಉಳಿಯಿತು. ತೋರಿಸಲು ಕುರಿ ಇಲ್ಲವಾದ್ದರಿಂದ ಆ ತಿಳಿವಳಿಕೆಯನ್ನು ಅವಳು ನಮ್ಮ ಮೇಲೆ ಹರಿಯಬಿಟ್ಟಳು. ಮಧ್ಯಾಹ್ನ ಹಿಂಡು ನೆರಳಿಗೆ ಕೂತಾಗ ಕುರುಬ ಏನು ನೋಡುತ್ತಾನೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಕಾಲು ನೋಡುವುದಿಲ್ಲ, ಉಣ್ಣೆ ನೋಡುವುದಿಲ್ಲ, ಬಾಯಿ ನೋಡುತ್ತಾನೆ. ಮೆಲುಕು ಹಾಕುತ್ತಿರುವ ಕುರಿಯ ಚಿಂತೆ ಬೇಡ. ಬಾಯಿ ನಿಂತ ಕುರಿಯ ಹತ್ತಿರ ಎದ್ದು ಹೋಗಬೇಕು.

"ಬಾಯಿ ಆಡತೈತಿ ಅಂದ್ರ ಜೀವ ಛಲೋ ಐತಿ" ಎಂಬುದು ಅವಳ ಕಡೆಯ ತೀರ್ಪು.

ಈ ತೀರ್ಪು ಕುರಿಗೆ ಮಾತ್ರ ಇದ್ದಿದ್ದರೆ ಚಿಂತೆ ಇರಲಿಲ್ಲ. ನಾವು ಊಟಕ್ಕೆ ಕೂತಾಗ ಆಯಿ ತಾನು ಉಣ್ಣುವುದನ್ನು ಬಿಟ್ಟು ಒಬ್ಬೊಬ್ಬರ ದವಡೆ ನೋಡುತ್ತಿದ್ದಳು. ನನಗೆ ಜ್ವರ ಬಂದರೆ ಹಣೆ ಮುಟ್ಟುತ್ತಿರಲಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ ಕೊಟ್ಟು ಎದುರಿಗೆ ಕೂಡುತ್ತಿದ್ದಳು. ನಾನು ಅಗಿದರೆ, ಆತು, ಏನೂ ಆಗಿಲ್ಲ ಎಂದು ಎದ್ದು ಹೋಗುತ್ತಿದ್ದಳು. ಬಹಳ ಸಲ ಅವಳ ಲೆಕ್ಕ ಸರಿಯೇ ಇರುತ್ತಿತ್ತು. ಅದಕ್ಕೇ ಮನೆಯಲ್ಲಿ ಅವಳ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅವ್ವ ಒಂದು ಸಲ, ನನ್ನ ನೆನಪಿನಲ್ಲಿ ಒಂದೇ ಸಲ, ರೊಟ್ಟಿ ತಟ್ಟುತ್ತ ಹೊಟ್ಟೆನೋವಿನ ಮಾತು ತೆಗೆದಿದ್ದಳು.

"ಹೊಟ್ಟಿ ಒಂದ ನಮೂನಿ ಹಿಂಡತೈತ್ರಿ ಅತ್ತಿ."

"ಮುಂಜಾನೆ ಉಂಡಿಲ್ಲೇನ?"

"ಉಂಡೇನ್ರಿ."

"ಮತ್ತ? ಉಣ್ಣೂ ಹೊಟ್ಟಿ ನೋಯಂಗಿಲ್ಲ ತಗಿ."

ಅವ್ವ ಹೆಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಓಣಿಯವರ ಮುಂದೆ ಅವ್ವನ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದ, ನಮ್ಮಾಕಿ ಭಾಳ ಸಮಾಧಾನದಾಕಿ, ಒಂದ ದಿನಾ ಕುಂಯ್ ಅಂದಾಕಿಯಲ್ಲ ಎಂದು. ಅದನ್ನು ಕೇಳಿ ಅವ್ವನಿಗೆ ಏನನ್ನಿಸುತ್ತಿತ್ತೋ ಗೊತ್ತಿಲ್ಲ. ನನಗಂತೂ ದೊಡ್ಡವಳಾದ ಮೇಲೆ ನಾನೂ ಹಾಗೆ ಅನ್ನಿಸಿಕೊಳ್ಳಬೇಕು ಎನ್ನಿಸುತ್ತಿತ್ತು.

ಮೊಲವನ್ನು ತಂದವನು ಸಿದ್ದಮಾಮಾ, ಅವ್ವನ ತಮ್ಮ. ಮುಧೋಳದ ಹತ್ತಿರದ ಹಳ್ಳಿಯಲ್ಲಿ ಇರುತ್ತಿದ್ದ. ನಾನು ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಒಂದು ದಿನ ಕೈಚೀಲದಲ್ಲಿ ಬದನೆಕಾಯಿಯ ಮೇಲೆ ಅದನ್ನು ಕೂರಿಸಿಕೊಂಡು ಬಂದ. ಬೆಳ್ಳಗಿತ್ತು, ಕಣ್ಣು ಕೆಂಪಗಿದ್ದವು. ಆಯಿ ಅದನ್ನು ಕಿವಿ ಹಿಡಿದು ಎತ್ತಿ ಹಿಂದೆ ಮುಂದೆ ನೋಡಿದಳು.

"ಹಾಲಿಲ್ಲ, ಉಣ್ಣಿಯಿಲ್ಲ. ಇದೇನ ಮಾಡತೈತಿ?"

"ಏನೂ ಮಾಡಂಗಿಲ್ರಿ, ಸುಮ್ಮ ಇರತೈತಿ" ಎಂದ ಮಾಮಾ. "ನಮ್ಮ ಊರಾಗ ನಾಯಿ ಇದರ ಜಾತಿ ಬೆನ್ನ ಹತ್ತತಾವು. ನಿಮ್ಮ ಮನ್ಯಾಗರೆ ನಿಶ್ಚಿಂತಿ ಇರಲಿ ಅಂತ ತಂದೆ."

ಹಿಂಜಿದ ಅರಳೆಯನ್ನು ನೂಲಲು ಸುರುಳಿ ಮಾಡಿದರೆ ಅದಕ್ಕೆ ಹಂಜಿ ಎನ್ನುತ್ತಾರೆ. ಮೊಲಕ್ಕೆ ಅದೇ ಹೆಸರಿಟ್ಟೆವು. ಹಂಜಿ ಮೊದಲ ಕೆಲವು ತಿಂಗಳು ಮನೆಯನ್ನು ಮೂರಾಬಟ್ಟೆ ಮಾಡಿತು. ಮಗ್ಗದ ಕೆಳಗೆ ನುಗ್ಗಿ ಅಪ್ಪನ ಎದೆ ಝಲ್ ಎನ್ನಿಸುತ್ತಿತ್ತು. ಅವ್ವ ಸುತ್ತಿಟ್ಟ ಕಂಡಿಕೆಗಳನ್ನು ಎಳೆದಾಡುತ್ತಿತ್ತು. ಕಂಡಕಂಡಲ್ಲಿ ಹಿಕ್ಕೆ ಹಾಕುತ್ತಿತ್ತು, ಅದನ್ನು ಗುಡಿಸುವುದು ನನ್ನ ಪಾಲಿನ ಕೆಲಸ. ಅವ್ವ ಕೊತ್ತಂಬರಿ ಸೊಪ್ಪು ತೆಗೆದರೆ ಸಾಕು, ಎಲ್ಲಿದ್ದರೂ ಹಾರಿ ಬಂದು ಅವಳ ಸೀರೆಯ ಅಂಚನ್ನು ಮೂತಿಯಿಂದ ನೂಕುತ್ತಿತ್ತು. ಆ ಮನೆಯಲ್ಲಿ ಅವ್ವನನ್ನು ಕೆಲಸವಿಲ್ಲದೆ ಮುಟ್ಟುತ್ತಿದ್ದುದು ಅದೊಂದೇ. ಎಲ್ಲರೂ ತಮ್ಮ ತಮ್ಮ ಪ್ರೀತಿಯನ್ನು ಅದರ ಬಾಯಿಗೆ ಹಾಕಿದರು. ಆಯಿ ಶೇಂಗಾ ಹಾಕಿದಳು, ಅಪ್ಪ ಬೆಲ್ಲದ ಚೂರು ಹಾಕಿದ, ನಾನು ನನ್ನ ಪಾಲಿನ ರೊಟ್ಟಿ ಹಾಕಿದೆ. ಹುಲ್ಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹುಲ್ಲು ಬಡವರ ಮನೆಯ ದನದ ಮೇವು, ನಮ್ಮ ಮೊಲಕ್ಕೇಕೆ ಎಂಬ ಠೇಂಕಾರವೂ ಸ್ವಲ್ಪ ಇತ್ತು ಎಂದು ಕಾಣುತ್ತದೆ.

ಆಮೇಲೆ ಹಂಜಿ ಒಳ್ಳೆಯದಾಯಿತು. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಏಕೆಂದರೆ ಮನೆಯವರೆಲ್ಲ ಹಾಗೇ ಹೇಳಿದರು. ಮಗ್ಗದ ಕೆಳಗೆ ನುಗ್ಗುವುದು ಬಿಟ್ಟಿತು. ನಡುಮನೆಯಲ್ಲಿ ಆಯಿಯ ಕಂಬಳಿಯ ಪಕ್ಕ ಕಲ್ಲಿನ ನೆಲಕ್ಕೆ ಹೊಟ್ಟೆ ಒತ್ತಿಕೊಂಡು, ಬೆನ್ನು ಗೂನು ಮಾಡಿ ಕೂತೇ ಇರುತ್ತಿತ್ತು. ಶಾಣ್ಯಾ ಆತು ಎಂದ ಅಪ್ಪ. ನಾನು ಎತ್ತಿಕೊಂಡರೆ ಒದೆಯುತ್ತಿರಲಿಲ್ಲ. ರೂಢಿ ಆತು ಎಂದಳು ಆಯಿ. ಬೆಳಿಗ್ಗೆ ಗುಡಿಸಲು ಹೋದರೆ ಹಿಕ್ಕೆಯೇ ಇರುತ್ತಿರಲಿಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು ಸಣ್ಣ ಒಣಕಾಳಿನಷ್ಟು. ನನ್ನ ಕೆಲಸ ಹಗುರಾಯಿತೆಂದು ನನಗೂ ಖುಷಿಯಾಯಿತು. ಕಣ್ಣು ಅರೆಮುಚ್ಚಿದ್ದರೆ ಸುಖನಿದ್ದೆ ಎಂದೆವು. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿದ್ದರಿಂದ ಅದರ ಕೂದಲಿಗೆಲ್ಲ ನೂಲಿನ ಧೂಳು ಅಂಟಿತ್ತು. ಮಗ್ಗದ ಮನೆ ಅಂದ ಮೇಲೆ ಧೂಳು ಇರೂದ ಎಂದೆವು. ಸಮಾಧಾನದ ಪ್ರಾಣಿ ಎಂದು ಓಣಿಯವರು ಬಂದು ನೋಡಿ ಹೋದರು. ನನಗೆ ಒಳಗೊಳಗೇ ಏನೋ ಸರಿ ಕಾಣುತ್ತಿರಲಿಲ್ಲ. ಒಂದು ದಿನ ಅವ್ವ ಕೊತ್ತಂಬರಿ ಸೋಸುತ್ತಿದ್ದಳು, ಅದು ಏಳಲಿಲ್ಲ. ಒಂದು ದಂಟು ತಂದು ಮೂಗಿಗೆ ಹಿಡಿದೆ. ಮೂತಿ ಪಕ್ಕಕ್ಕೆ ತಿರುಗಿಸಿತು. ಪಕ್ಕೆಗೆ ಕೈ ಹಾಕಿದೆ, ಎಂದೂ ಕಚ್ಚದ್ದು ನನ್ನ ಬೆರಳಿಗೆ ಹಲ್ಲು ಹಾಕಿತು.

ಆಯಿಯ ಎದುರು ನಿಂತು ತುಟಿ ಆಡಿಸಿದೆ.

"ಆಯಿ, ಹಂಜಿಗೆ ಏನೋ ಆಗೈತಿ. ತಿನ್ನವಲ್ದು."

ಆಯಿ ಕಂಬಳಿಯಿಂದಲೇ ಬಗ್ಗಿ ಮೊಲದ ಬಾಯಿ ನೋಡಿದಳು. ದವಡೆ ಸಣ್ಣಗೆ ಆಡುತ್ತಿತ್ತು. ಅವಳ ಮುಖದಲ್ಲಿ ನೆಮ್ಮದಿ ಮೂಡಿದ್ದು ನನಗೆ ನೆನಪಿದೆ.

"ಏನಾಗಿಲ್ಲ ಅದಕ್ಕ. ನೋಡ, ಮೆಲಕ ಹಾಕಾಕತ್ತೈತಿ."

ಅದೇ ದಿನಗಳಲ್ಲಿ ಅವ್ವ ನೀರಿನ ಹರವಿಗೆ ಹೊಟ್ಟೆ ಆನಿಸಿ ನಿಲ್ಲುತ್ತಿದ್ದಳು. ತಣ್ಣನೆಯ ದೊಡ್ಡ ಹರವಿ, ನೀರು ತುಂಬಿಕೊಳ್ಳುವ ನೆವದಲ್ಲಿ ಅದಕ್ಕೆ ಮೈ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಒಂದು ದಿನ ಶಾಲೆಯಿಂದ ಓಡಿ ಬಂದು ಅವಳ ತೊಡೆಯ ಮೇಲೆ ಬಿದ್ದೆ. ಅವ್ವ ಫಟ್ಟನೆ ನನ್ನ ಬೆನ್ನಿಗೆ ಹೊಡೆದಳು. ಎಂದೂ ಹೊಡೆದವಳಲ್ಲ. ನಾನು ಅಳುತ್ತ ಹಿತ್ತಲಿಗೆ ಹೋದೆ. ಮೊಲ ಕಚ್ಚಿದ್ದನ್ನೂ ಅವ್ವ ಹೊಡೆದದ್ದನ್ನೂ ಜೋಡಿಸಿ ನೋಡುವ ಬುದ್ಧಿ ಆಗ ಇರಲಿಲ್ಲ, ಎರಡೂ ನನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದೆ.

ಕರೆಂಟು ಹೋಗುವುದು ನಮ್ಮಲ್ಲಿ ಹೊಸದಲ್ಲ. ಹೋದ ಕೂಡಲೇ ಇಡೀ ಓಣಿಯ ಮಗ್ಗ ಒಮ್ಮೆಲೆ ನಿಂತು, ಮಂದಿಯೆಲ್ಲ ಹೊರಗಿನ ಕಟ್ಟೆಗೆ ಬಂದು, ಕಟ್ಟಿಟ್ಟ ಮಾತನ್ನೆಲ್ಲ ಒಂದೇ ಸಲ ಆಡಲು ಶುರು ಮಾಡುತ್ತಿದ್ದರು. ನಾನೂ ಹೊರಗೆ ಓಡುತ್ತಿದ್ದೆ. ರಾತ್ರಿ ಮಗ್ಗ ನಿಂತ ಕೂಡಲೇ ಎಲ್ಲರೂ ದಣಿದು ಮಲಗಿಬಿಡುತ್ತಿದ್ದೆವು. ಹಾಗಾಗಿ ನಮ್ಮ ನಡುಮನೆ ಮೌನವಾಗಿದ್ದಾಗ ಹೇಗಿರುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಕರೆಂಟು ಹೋದಾಗ ನಾನು ಮೊಲದ ಪಕ್ಕದಲ್ಲಿ ಕೆನ್ನೆ ನೆಲಕ್ಕಿಟ್ಟು ಮಲಗಿದ್ದೆ, ಬೆರಳು ಕಚ್ಚಿಸಿಕೊಂಡ ಮೇಲೆ ಅದರ ಜೊತೆ ರಾಜಿ ಮಾಡಿಕೊಳ್ಳುವುದಿತ್ತು. ಮಗ್ಗ ನಿಂತವು. ಅಪ್ಪ ಹೊರಗೆ ಹೋದ. ಆಗ ಒಂದು ಸದ್ದು ಕೇಳಿತು. ಕಟ, ಕಟ, ಆಮೇಲೆ ಕಲ್ಲಿನ ಮೇಲೆ ಕಲ್ಲು ತಿಕ್ಕಿದ ಹಾಗೆ ಕರಕರ. ನಿಂತು ಮತ್ತೆ ಕಟ, ಕಟ. ಮೊದಲು ಇಲಿ ಅಂದುಕೊಂಡೆ. ಸದ್ದು ಹಂಜಿಯ ಬಾಯಿಂದ ಬರುತ್ತಿತ್ತು.

"ಆಯಿ, ಬಾ ಇಲ್ಲೆ. ಇದು ಹಲ್ಲ ಕಡಿಯಾಕತ್ತೈತಿ."

ಆಯಿಗೆ ಕಿವಿ ಅರ್ಧ ಮಂದವಾಗಿತ್ತು. ಅವಳು ಕೂತಲ್ಲಿಂದ ಸರಿದು ಬಂದು, ಹೆಬ್ಬೆರಳನ್ನು ಮೊಲದ ದವಡೆಯ ಕೆಳಗೆ ಇಟ್ಟಳು. ಇಟ್ಟು ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಇನ್ನೊಂದು ಕೈಯನ್ನು ಅದರ ಹೊಟ್ಟೆಗೆ ಹಾಕಿದಳು. ಇಷ್ಟು ದಿನ ಅವಳು ಅದರ ಬಾಯಿ ನೋಡಿದ್ದಳೇ ಹೊರತು ಹೊಟ್ಟೆ ಮುಟ್ಟಿರಲಿಲ್ಲ.

"ಇದು ಮೆಲಕ ಅಲ್ಲ" ಎಂದಳು. "ಮೆಲಕ ಅಡ್ಡ ಹೋಗತೈತಿ, ಸಡಲ ಇರತೈತಿ. ಇದು ಅಲ್ಲೇ ಕಚ್ಚಿ ಹಿಡದೈತಿ. ಬ್ಯಾನಿ ತಡಕೊಳ್ಳಾಕತ್ತೈತಿ ಲೇ ಇದು."

ಅದನ್ನು ಕಂಬಳಿಯ ಮೂಲೆಯಲ್ಲಿ ಸುತ್ತಿಕೊಂಡು ನನ್ನನ್ನೂ ಕರೆದುಕೊಂಡು ರಬಕವಿಯ ದಾರಿಯಲ್ಲಿದ್ದ ದನದ ದವಾಖಾನೆಗೆ ನಡೆದಳು. ಬಿಸಿಲಿತ್ತು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಎಮ್ಮೆಗಳ ನಡುವೆ ಮೊಲ ನೋಡಿ ಅವರಿಗೆ ನಗು ಬಂದಿತ್ತು. ಹೊಟ್ಟೆ ಮುಟ್ಟಿದ ಮೇಲೆ ನಗಲಿಲ್ಲ.

"ಹಿಕ್ಕಿ ಹಾಕೂದು ಯಾವಾಗ ಬಿಟ್ಟೈತ್ರಿ?"

ಆಯಿ ನನ್ನ ಮುಖ ನೋಡಿದಳು. ನಾನು, ಭಾಳ ದಿನಾ ಆತ್ರಿ, ಮನಿ ಸ್ವಚ್ಛ ಐತ್ರಿ ಎಂದೆ.

"ಹೊಟ್ಟಿ ನಿಂತೈತ್ರಿ ಆಯಿ. ಒಳಗ ಗಟ್ಟಿ ಆಗೈತಿ. ಕುರಿಗೆ ಹೊಟ್ಟಿ ಬ್ಯಾರೆ, ಇದರದ ಬ್ಯಾರೆ. ಇದು ಮೆಲಕ ಹಾಕೂ ಪ್ರಾಣಿ ಅಲ್ಲ, ಹುಲ್ಲಿಲ್ಲದ ನಡಿಯಂಗಿಲ್ಲ."

"ಮತ್ತ ಒದರಲಿಲ್ಲ ಅದು" ಎಂದಳು ಆಯಿ. "ಕುರಿ ಆದ್ರ ಒದರತೈತಿ."

"ಓಡಿ ಬದಕೂ ಪ್ರಾಣಿ ಒದರಂಗಿಲ್ರಿ. ಒದರಿದ್ರ ನಾಯಿಗೆ ಗೊತ್ತಾಗತೈತಲ್ಲ."

ಔಷಧ ಕುಡಿಸಿದರು, ಒಂದು ಸೂಜಿ ಹಾಕಿದರು, ಮನೆಯಲ್ಲಿ ಬೆಚ್ಚಗಿಡಿ ಎಂದರು. ಆಯಿ ಮನೆಗೆ ಬಂದು ಅದರ ಹಣೆಗೆ ಭಂಡಾರ ಹಚ್ಚಿ ಕಂಬಳಿಯ ಮೇಲೆ ಮಲಗಿಸಿದಳು. ಮಾರನೆಯ ದಿನ ಶಾಲೆಯಿಂದ ಬರುವಷ್ಟರಲ್ಲಿ ಹಂಜಿ ಹೋಗಿತ್ತು. ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಅವ್ವನೇ ಕುಣಿ ತೆಗೆದಳು, ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತ. ನಾನು ಬಹಳ ಅತ್ತೆ. ಅಪ್ಪ ಇನ್ನೊಂದು ತರೋಣ ಎಂದ. ಆಯಿ ಆ ದಿನ ಊಟಕ್ಕೆ ಕೂತಾಗ ಯಾರ ಬಾಯಿಯನ್ನೂ ನೋಡಲಿಲ್ಲ, ತನ್ನ ತಾಟನ್ನೇ ನೋಡುತ್ತ ಉಂಡಳು. ಎದ್ದ ಮೇಲೆ ಯಾರಿಗೂ ಅಲ್ಲದ ಹಾಗೆ ಹೇಳಿದಳು:

"ನಾ ನೋಡೇ ನೋಡೇನಿ. ನೋಡಿ ಛಲೋ ಐತಿ ಅಂದೇನಿ."

ಹಂಜಿ ಹೋದ ಮೇಲೆ ನನಗೊಂದು ಚಟ ಹತ್ತಿತು. ಕರೆಂಟು ಹೋದಾಗ ಹೊರಗೆ ಓಡುವುದನ್ನು ಬಿಟ್ಟು ನಡುಮನೆಯಲ್ಲಿ, ಅದು ಕೂಡುತ್ತಿದ್ದ ಜಾಗದಲ್ಲಿ ಕೂಡುತ್ತಿದ್ದೆ. ಆ ಸದ್ದು ಎಲ್ಲೋ ಇನ್ನೂ ಇದ್ದೀತು ಎಂಬ ಹುಡುಗಬುದ್ಧಿ. ಹಾಗೆ ಕೂತಿದ್ದ ಒಂದು ದಿನ ಅದು ಮತ್ತೆ ಕೇಳಿಸಿತು. ಕಟ, ಕಟ, ಕರಕರ. ಕರಿಬೇವಿನ ಬುಡದಿಂದ ಎದ್ದು ಬಂತೇ ಎಂದು ಬಾಗಿಲ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಗೋಡೆಯ ಹತ್ತಿರ ಅವ್ವ ರಾಟಿಯ ಮುಂದೆ ಕೂತಿದ್ದಳು. ಬೆನ್ನು ಗೂನಾಗಿತ್ತು, ಒಂದು ಕೈ ಹೊಟ್ಟೆಯ ಮೇಲಿತ್ತು, ಕಣ್ಣು ಅರ್ಧ ಮುಚ್ಚಿದ್ದವು. ದವಡೆ ಆಡುತ್ತಿತ್ತು.

ನಾನು ಎದ್ದು ಹೋಗಿ ಅವಳ ಬಾಯಿಯನ್ನು ಹತ್ತಿರದಿಂದ ನೋಡಿದೆ. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ, ಏನೂ ಇರಲಿಲ್ಲ.

"ಆಯಿ" ಎಂದು ಕೂಗಿದೆ. "ಅವ್ವನೂ ಹಲ್ಲ ಕಡಿಯಾಕತ್ತಾಳ."

"ಸುಮ್ಮ ಕುಂದ್ರ, ಏನಿಲ್ಲ" ಎಂದಳು ಅವ್ವ. ಗಡಬಡಿಸಿ ರಾಟಿ ತಿರುಗಿಸಲು ಹೋದಳು. ನೂಲು ಹರಿಯಿತು.

ಆಯಿ ಕಟ್ಟೆಯಿಂದ ಎದ್ದು ಒಳಗೆ ಬಂದಳು. ಅಷ್ಟರಲ್ಲಿ ಕರೆಂಟು ಬಂತು, ಅಪ್ಪನೂ ಒಳಗೆ ಬಂದ, ಮಗ್ಗ ಶುರುವಾದವು. ನಮ್ಮ ಮನೆಯಲ್ಲಿ ದುಡಿಯುವ ದಿನ ಕರೆಂಟು ಇದ್ದಾಗ ಮಗ್ಗ ನಿಲ್ಲಿಸುವ ಪದ್ಧತಿಯೇ ಇರಲಿಲ್ಲ. ಅಜ್ಜನ ತಿಥಿಯ ದಿನವೂ ಅಡುಗೆಯಾಗುವವರೆಗೆ ನಡೆಯುತ್ತಿದ್ದವು. ಆಯಿ ನೇರ ಪಡಸಾಲೆಗೆ ಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆ ಎಳೆದಳು. ಮಗ್ಗ ನಿಂತವು. ಅಪ್ಪ ಅವಳ ಮುಖ ನೋಡಿದ.

"ಏನ ಮಾಡಾಕತ್ತೀ ನೀನು? ಸೀರಿ ನಾಳೆ ಮುಟ್ಟಸಬೇಕ ನಾ."

"ಮುಟ್ಟಸ ನಾಡದ."

"ಎಳಿ ಹರಿದ್ರ ಯಾರ ಕಟ್ಟಾವರು?"

"ನಿನ್ನ ಹೇಂತಿ ಸತ್ರ ಯಾರ ಕಟ್ಟಾವರು? ಈ ಸಪ್ಪಳದಾಗ ಮನ್ಯಾಗ ಏನ ಕೇಳಸತೈತಿ ನಮಗ? ಸುಮ್ಮ ನಿಂದ್ರ ಅಲ್ಲೆ."

ಅಪ್ಪ ಅಲ್ಲೇ ನಿಂತ. ಆಯಿ ಬಂದು ಅವ್ವನ ಮುಂದೆ ಕೂತಳು. ಮೊಲಕ್ಕೆ ಮಾಡಿದ ಹಾಗೆಯೇ ಹೆಬ್ಬೆರಳನ್ನು ಅವ್ವನ ದವಡೆಯ ಕೆಳಗೆ ಇಟ್ಟಳು, ಇನ್ನೊಂದು ಕೈಯನ್ನು ಸೆರಗಿನ ಕೆಳಗಿನಿಂದ ಹೊಟ್ಟೆಗೆ ಹಾಕಿದಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಾಗೆ ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವ್ವ ಹಿಂದಕ್ಕೆ ಸರಿಯಲು ನೋಡಿದಳು, ಹಿಂದೆ ಗೋಡೆ ಇತ್ತು.

"ಎಷ್ಟ ದಿನದಿಂದ ನೋಯಾಕತ್ತೈತಿ?"

"ಹಂಗೇನಿಲ್ರಿ ಅತ್ತಿ."

"ಗಂಟ ಕೈಗೆ ಹತ್ತಾಕತ್ತೈತಿ. ಹಂಗೇನಿಲ್ಲ ಅಂತೀ?"

ಅವ್ವ ಹರಿದ ನೂಲಿನ ತುದಿ ಹುಡುಕಿದಳು.

"ಮತ್ತ ದಿನಾ ಉಣ್ಣತಿದ್ದೆಲ್ಲ ನನ್ನ ಮುಂದ. ಹೊಟ್ಟ್ಯಾಗ ಇಂಥಾದ್ದ ಇಟ್ಕೊಂಡ ಹೆಂಗ ಉಣ್ಣತಿದ್ದಿ?"

"ನೀವು ನೋಡತಿದ್ದಿರಿ, ಅದಕ್ಕ ಉಣ್ಣತಿದ್ದೆ" ಎಂದಳು ಅವ್ವ. ಅಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದಳು. ಅವ್ವನ ಅಳು ನಮಗೆ ಕೇಳಿಸಿದ್ದು ಅದೇ ಮೊದಲು. ಮಗ್ಗ ನಡೆಯುವಾಗ ಅತ್ತಿದ್ದಳೋ ಏನೋ, ಅತ್ತಿದ್ದರೆ ನಮಗೆ ಹೇಗೆ ಗೊತ್ತಾಗಬೇಕು.

ಅಪ್ಪ ಮರುದಿನವೇ ಅವಳನ್ನು ಜಮಖಂಡಿಯ ದವಾಖಾನೆಗೆ ಕರೆದುಕೊಂಡು ಹೋದ. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು, ಆಪರೇಶನ್ ಮಾಡಿ ತೆಗೆದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಅವ್ವ ಅಲ್ಲಿದ್ದಷ್ಟು ದಿನ ಆಯಿ ಅಡುಗೆ ಮಾಡಿದಳು, ಕಂಡಿಕೆಯನ್ನೂ ಸುತ್ತಿದಳು, ಸುತ್ತಿದ್ದರಲ್ಲಿ ಅರ್ಧ ಸಡಿಲವಾಗಿ ಅಪ್ಪ ಹಲ್ಲು ಕಚ್ಚಿ ಸುಮ್ಮನಿದ್ದ. ಅವ್ವ ಬಾಡಿದ ಮುಖ ಹೊತ್ತು ತಿರುಗಿ ಬಂದಳು, ಬದುಕಿ ಬಂದಳು. ಸಿದ್ದಮಾಮಾ ಅವಳನ್ನು ನೋಡಲು ಬಂದಾಗ ಮೊಲ ಎಲ್ಲಿ ಎಂದು ಕೇಳಿದ. ಆಯಿ ಕರಿಬೇವಿನ ಗಿಡ ತೋರಿಸಿ, ನಿಮ್ಮ ಅಕ್ಕನ್ನ ಉಳಿಸಿ ಹೋತು ಎಂದಳು. ನನಗೆ ಆ ಮಾತು ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಮೊಲ ಯಾರನ್ನೂ ಉಳಿಸಲು ಸಾಯಲಿಲ್ಲ. ನಾವು ಸರಿಯಾಗಿ ನೋಡದ್ದರಿಂದ ಸತ್ತಿತು.

ಅಲ್ಲಿಂದ ಮುಂದೆ ನಮ್ಮ ಮನೆಗೆ ಹೊಸ ಪದ್ಧತಿ ಬಂತು. ಮಧ್ಯಾಹ್ನದ ಊಟವಾದ ಮೇಲೆ ಆಯಿ ತಾನೇ ಹೋಗಿ ಸ್ವಿಚ್ಚು ಕೆಳಗೆಳೆಯುತ್ತಿದ್ದಳು. ಸ್ವಲ್ಪ ಹೊತ್ತು ಯಾರೂ ಹೊರಗೆ ಹೋಗಬಾರದು, ಮಾತಾಡಬಾರದು. ಅಪ್ಪ ಗೊಣಗಿ ಗೊಣಗಿ ಕಡೆಗೆ ಆ ಹೊತ್ತಿಗೆ ನಿದ್ದೆ ಮಾಡುವುದನ್ನು ಕಲಿತ. ಆಯಿಗೆ ಕಿವಿ ಮಂದ, ಅಪ್ಪನಿಗೂ ಅವ್ವನಿಗೂ ಮಗ್ಗದಿಂದ ಮಂದವಾಗುತ್ತ ಬಂದಿತ್ತು. ಉಳಿದವಳು ನಾನು.

"ನಿನ್ನ ಕಿವಿ ಚುರಕ ಅದಾವು" ಎಂದಳು ಆಯಿ. "ನೀ ಕೇಳ. ಮನ್ಯಾಗ ಯಾರ್ದು ಏನ ಸಪ್ಪಳ ಬರತೈತಿ, ನನಗ ಹೇಳ."

ನಾನು ಕೇಳಿದೆ. ಅಪ್ಪನ ಎದೆಯಲ್ಲಿ ಧೂಳಿನ ಗೊರಗೊರ ಕೇಳಿ ಹೇಳಿದೆ. ಆಯಿಯ ಮೊಣಕಾಲಿನ ಲಟಕು ಹೇಳಿದೆ. ಅವ್ವನ ಉಸಿರನ್ನಂತೂ ಆಪರೇಶನ್ನಿನ ಹೊಲಿಗೆ ಮಾಸಿದ ಮೇಲೂ ಎಷ್ಟೋ ವರ್ಷ ಎಣಿಸುತ್ತಿದ್ದೆ. ಎಂಟು ವರ್ಷದ ಹುಡುಗಿಗೆ ಅದು ದೊಡ್ಡ ಪದವಿ, ಬಹಳ ಬೀಗಿದೆ. ಆಯಿ ತೀರಿಕೊಂಡಳು, ಅಪ್ಪ ತೀರಿಕೊಂಡ, ಮಗ್ಗ ಮಾರಿದೆವು. ಕೊಟ್ಟ ಕೆಲಸವನ್ನು ಮಾತ್ರ ಯಾರೂ ನನ್ನಿಂದ ವಾಪಸು ಪಡೆಯಲಿಲ್ಲ. ಮುಂದೆ ಪಾಠ ಹೇಳಲು ಕ್ಲಾಸಿನಲ್ಲಿ ಕೂತರೆ ಪಾಠಕ್ಕಿಂತ ಮೊದಲು ಹುಡುಗರು ಕೂರುವ ರೀತಿ ಕಾಣುತ್ತಿತ್ತು. ಗಲಾಟೆ ಮಾಡುವವರ ಚಿಂತೆ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಒಳ್ಳೆಯವರಾದವರ ಹತ್ತಿರ ಎದ್ದು ಹೋಗುತ್ತಿದ್ದೆ. ಮದುವೆಯ ಮನೆ, ಮುಂಜಿಯ ಮನೆ, ಬಸ್ಸು, ಎಲ್ಲಿ ಹೋದರೂ ಯಾರೋ ಒಬ್ಬರು ಗೋಡೆಗೆ ಒರಗಿ ದವಡೆ ಬಿಗಿ ಹಿಡಿದಿರುತ್ತಾರೆ, ಅದು ನನ್ನ ಕಣ್ಣಿಗೇ ಬೀಳುತ್ತದೆ. ಯಾರೂ ಹೇಳದ್ದನ್ನು ಕೇಳಿ ಕೇಳಿ ನಾನು ದಣಿದಿದ್ದೇನೆ. ಇದನ್ನು ಸೇವೆ ಎಂದು ಹೊಗಳಿದವರಿದ್ದಾರೆ. ನನಗೆ ಅದು ಇಳಿಸಲು ಬಾರದ ಹೊರೆ ಎನ್ನಿಸಿದೆ.

ಅವ್ವ ಈಗ ಜಮಖಂಡಿಯಲ್ಲಿ ನನ್ನ ಜೊತೆಗಿದ್ದಾಳೆ. ಮಗ್ಗ ಅವಳ ಕಿವಿಯನ್ನು ಪೂರ್ತಿ ತಿಂದು ಹಾಕಿದೆ. ಟಿವಿಯನ್ನು ಸದ್ದಿಲ್ಲದೆ ನೋಡುತ್ತಾಳೆ, ಬಾಯಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ, ಕೆಲವು ಸಲ ಅವರು ಆಡದ್ದನ್ನೂ. ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ನಾನು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದೆ. ಬಲ ಪಕ್ಕೆಯ ಕೆಳಗೆ ಒಂದು ನೋವು ಕೆಲವು ತಿಂಗಳಿಂದ ಇದೆ. ಯಾರಿಗೂ ಹೇಳಿರಲಿಲ್ಲ. ಅವ್ವನ ಔಷಧ, ಗಂಡನ ಸಕ್ಕರೆ ರೋಗ, ಇವುಗಳ ನಡುವೆ ನನ್ನದೊಂದು ಯಾಕೆ ಎಂದುಕೊಂಡಿದ್ದೆ. ತಲೆ ಎತ್ತಿದಾಗ ಅವ್ವ ಟಿವಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಬಾಯಾಗ ಏನೈತಿ?"

ಏನಿಲ್ಲ ಎಂದು ತುಟಿ ಆಡಿಸಿದೆ.

"ಏನಿಲ್ಲಂದ್ರ ಏನ ಮೆಲಕ ಹಾಕಾಕತ್ತೀ?"

ಗೋಡೆ ಹಿಡಿದುಕೊಂಡು ಎದ್ದು ಬಂದು ನನ್ನ ಮುಂದೆ ಕಷ್ಟದಿಂದ ಕೂತಳು. ಹೆಬ್ಬೆರಳನ್ನು ನನ್ನ ದವಡೆಯ ಕೆಳಗೆ ಇಟ್ಟಳು.

"ಎಲ್ಲೆ ನೋಯ್ತೈತಿ, ಮಾಳಿ?"

ಮಾಳವ್ವ ಎಂಬ ನನ್ನನ್ನು ಮಾಳಿ ಎಂದು ಕರೆಯುವವರು ಈಗ ಇವಳೊಬ್ಬಳೇ. ಹಂಗೇನಿಲ್ಲ ಎನ್ನಲು ಬಾಯಿ ತೆರೆದೆ. ಆ ಮಾತು ಮೊದಲು ಯಾರ ಬಾಯಲ್ಲಿ ಕೇಳಿದ್ದೆ ಎಂಬುದು ನೆನಪಾಗಿ ಅರ್ಧಕ್ಕೇ ನಿಂತಿತು. ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, ಅವ್ವನ ಇನ್ನೊಂದು ಕೈಯನ್ನು ಹಿಡಿದು ನನ್ನ ಬಲ ಪಕ್ಕೆಯ ಕೆಳಗೆ, ನೋಯುವ ಜಾಗದ ಮೇಲೆ ಇಟ್ಟುಕೊಂಡೆ.